ಉಪ್ಪುಗಾಳಿಗೆ ಉಳಿದೀತಾ ರಿವಾಲ್ವರ್?

ಪ್ರಶ್ನೆ: ನನ್ನ ಕಥೆ ನಡೆಯೋದು 2250ರ ಕಾರವಾರದಲ್ಲಿ. ದೋಣಿಯವನೊಬ್ಬನ ಸೊಂಟದಲ್ಲಿ 1887ರ ಮಾದರಿಯ ವೆಬ್ಲಿ ರಿವಾಲ್ವರ್ ಇದೆ. ಅಷ್ಟು ಹಳೇದು ಸಿಡಿಯುತ್ತದಾ ಸರ್?
- ಓದುಗ, ಶಿರಸಿ

ಉತ್ತರ: ಉಕ್ಕಿಗೆ ವಯಸ್ಸಿನ ಭಯವಿಲ್ಲ, ತುಕ್ಕಿನ ಭಯ. ಕಾರವಾರದಲ್ಲಿ ಕಿಟಕಿ ಸರಳೇ ಉದುರುತ್ತದೆ, ಅಲ್ವಾ? ಹಾಗಾಗಿ ನಿಮ್ಮ ದೋಣಿಯವ ದಿನಾ ಎಣ್ಣೆ ಒರೆಸಲಿ. ನಿಜವಾದ ತಲೆನೋವು ತೋಟಾದ್ದು. ಹೊಗೆಯಿಲ್ಲದ ಮದ್ದು ಇಟ್ಟಲ್ಲೇ ನಿಧಾನಕ್ಕೆ ಕೆಡುತ್ತದೆ, ಕುದುರೆ (ಟ್ರಿಗರ್) ಎಳೆದರೆ ಸುಮ್ನೆ ‘ಟಿಕ್’ ಅನ್ನಬಹುದು. ಅಂದರೆ ಆ ಕಾಲದಲ್ಲಿ ರಿವಾಲ್ವರ್ ಅಗ್ಗ, ತೋಟಾಕ್ಕೇ ಬೆಲೆ ಜಾಸ್ತಿ (ಕಥೆಗೆ ಇದು ಒಳ್ಳೇದೇ ಬಿಡಿ). ವೆಬ್ಲಿ ನಡು ಮುರಿದಂತೆ ಬಾಗಿ ಆರೂ ಖಾಲಿ ತೋಟಾ ಕೋಶಗಳನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ಅವು ನೀರಿಗೆ ಬೀಳುವ ಮೊದಲು ಅವನು, ಮತ್ತೆ ಮದ್ದು ತುಂಬಿಕೊಳ್ಳಲೆಂದು, ಅಂಗೈ ಒಡ್ಡುವುದನ್ನು ಬರೆಯಿರಿ.