ಗೆಳೆಯನ ತಾಳ ತಪ್ಪುತ್ತಿದೆ, ಹೇಳೋದು ಹೇಗೆ?

ಪ್ರಶ್ನೆ: ನನಗೆ 45 ವರ್ಷ. ಬೆಂಗಳೂರಿನಲ್ಲಿ ಕೆಲಸ. ನಾವು ನಾಲ್ವರು ಕಾಲೇಜು ಗೆಳೆಯರು ಸೇರಿ ಕಟ್ಟಿದ ರಾಕ್ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಬೀಟಲ್ಸ್, ಡೀಪ್ ಪರ್ಪಲ್, ಎಸಿ/ಡಿಸಿ, ಹೀಗೆ ಹಳೆಯ ಹಾಡುಗಳೇ ನಮ್ಮವು. ತಿಂಗಳಿಗೆ ಎರಡು ಶನಿವಾರ ಪಬ್‌ನಲ್ಲಿ ಶೋ. ಒಂದು ವರ್ಷದಿಂದ ನಮ್ಮ ಡ್ರಮ್ಮರ್ ವೇಗ ಏರಿಸಿ ಹಾಡನ್ನು ಓಡಿಸುತ್ತಿದ್ದಾನೆ. ಹಾಡುವವನ ಮಾತು ಸರಿಯಾಗಿ ಕೇಳ್ತಿಲ್ಲ, ಮಾನಿಟರ್ (ನುಡಿಸುವವರಿಗೆ ಕೇಳಲೆಂದು ಇಡುವ ಸ್ಪೀಕರ್) ಜಾಸ್ತಿ ಮಾಡಿ ಅಂತಾನೆ. ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಮೊದಲಿಗಿಂತ ಜೋರಾಗಿ ಹೊಡೀತಾನೆ. ಹೋದ ತಿಂಗಳು ಪಬ್‌ನವರೂ ಗೊಣಗಿದರು. ಲೀಡ್ ಗಿಟಾರಿಸ್ಟ್ ಅವನಿಗೆ ಹೇಳದೆ 24ರ ಹುಡುಗನೊಬ್ಬನನ್ನು ಜಾಮ್ ರೂಮಿಗೆ ಕರೆಸಿದ. ಆ ಹುಡುಗನ ಜೊತೆ ನುಡಿಸಿದಾಗ ನಿಜಕ್ಕೂ ಖುಷಿಯಾಯಿತು. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. 22 ವರ್ಷದಿಂದ ನಮ್ಮ ಪ್ರಾಕ್ಟೀಸ್ ನಡೆಯುತ್ತಿರುವುದು ಈ ಡ್ರಮ್ಮರ್ ಮನೆಯ ಮಹಡಿ ಮೇಲೆ. "ನಿಂಗೇ ಅವನ ಹತ್ರ ಸಲಿಗೆ ಜಾಸ್ತಿ, ನೀನೇ ಹೇಳು" ಅಂತ ಉಳಿದಿಬ್ಬರು ಕೂತಿದ್ದಾರೆ. ಏನು ಮಾಡಲಿ?

ಉತ್ತರ: ನಿದ್ದೆ ಹತ್ತಲಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಹುಡುಗನ ಜೊತೆ ನುಡಿಸಿ ಖುಷಿಪಟ್ಟಿದ್ದು ತಪ್ಪಲ್ಲ. ಬೇಸ್ ನುಡಿಸುವವರ ಕಿವಿ ಹಾಡಿನುದ್ದಕ್ಕೂ ದೊಡ್ಡ ಡ್ರಮ್ಮಿನ ಪೆಡಲ್ ಒತ್ತುವ ಡ್ರಮ್ಮರನ ಬಲಗಾಲಿನ ಮೇಲೇ ಇರುತ್ತದೆ. ಆ ಕಾಲು ಒಂದು ಕೂದಲೆಳೆ ಮುಂದೆ ಹೋದರೂ ಮೊದಲು ಗೊತ್ತಾಗುವುದು ನಿಮಗೆ. ಒಂದು ವರ್ಷದಿಂದ ನೀವು ಅವನನ್ನು ಹಿಡಿದು ನಿಲ್ಲಿಸುತ್ತಲೇ ನುಡಿಸಿದ್ದೀರಿ. ಅವತ್ತು ಹಿಡಿಯುವ ಕೆಲಸ ಇರಲಿಲ್ಲ, ಕೈ ಹಗುರಾಯಿತು. ಅಷ್ಟೇ. ಗೆಳೆಯನಿಗೆ ತಿಳಿಯದ ಹಾಗೆ ಆಯಿತಲ್ಲ, ಚುಚ್ಚುತ್ತಿರುವುದು ಅದು.

ಈಗ ನೀವು ಬರೆದು ಮುಂದೆ ಹೋಗಿಬಿಟ್ಟ ಒಂದು ಮಾತಿಗೆ ಬರುತ್ತೇನೆ. ಹಾಡುವವನ ಮಾತು ಕೇಳ್ತಿಲ್ಲ, ಸಿಂಬಲ್ ಜೋರಾಗಿ ಹೊಡೀತಾನೆ. ಇದನ್ನು ಓದಿ ನನಗೆ ಮೊದಲು ಹೊಳೆದದ್ದು ತಾಳ ಅಲ್ಲ, ಕಿವಿ. ಜೋರು ಸದ್ದಿನಿಂದ ಕಿವಿ ಹಾಳಾಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ತೆಳ್ಳನೆಯ, ಮೇಲಿನ ಸ್ವರಗಳು. ದನಿ ಕೇಳುತ್ತದೆ, ಪದ ಗೊತ್ತಾಗುವುದಿಲ್ಲ. ಸಿಂಬಲ್ ಮಂಕಾಗಿ ಕೇಳುತ್ತದೆ, ಕೈ ತಾನಾಗಿಯೇ ಜೋರಾಗುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಬಳಕೆಯಲ್ಲಿರುವ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಅಂದರೆ ಬರೀ 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ 100 ದಾಟುವುದು ಕಷ್ಟವೇನಲ್ಲ. ನಿಮ್ಮ ಗೆಳೆಯ ಅದರ ನಡುವೆ 22 ವರ್ಷ ಕೂತಿದ್ದಾನೆ. ಕಿವಿಗೆ ಏನಾದರೂ ಹಾಕಿಕೊಳ್ಳುತ್ತಿದ್ದನಾ? ನೀವು ಹಾಕಿಕೊಳ್ಳುತ್ತೀರಾ?

ಓಡಿಸುವುದಕ್ಕೂ ಕಿವಿಗೂ ಸಂಬಂಧ ಇದೆಯೋ ಇಲ್ಲವೋ ಇಲ್ಲಿ ಕೂತು ಹೇಳಲಾಗದು. ಮನೆಯ ಚಿಂತೆ ಇರಬಹುದು, ಅಭ್ಯಾಸ ತಪ್ಪಿರಬಹುದು. ಆದರೆ ಇಎನ್‌ಟಿ ವೈದ್ಯರ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸುವುದಕ್ಕೆ ಒಂದು ಬೆಳಗ್ಗೆ ಸಾಕು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಮಾಡಿಸಬಹುದು. ನೀವೂ ಮಾಡಿಸಿಕೊಳ್ಳಿ, ಜೊತೆಯಲ್ಲೇ. "ನಾನೂ ಬರ್ತೀನಿ ಕಣೋ" ಅಂದರೆ ಅವನು ಬಂದೇ ಬರುತ್ತಾನೆ. ನೀವು ನುಡಿಸುವ ಎಸಿ/ಡಿಸಿಯ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿ ತೊಂದರೆಯಿಂದಲೇ ಟೂರ್ ಅರ್ಧಕ್ಕೆ ಬಿಟ್ಟವರು. 2020ರ ಆಲ್ಬಂಗೆ ಮತ್ತೆ ಹಾಡಿದರು.

ಹಾಗಂತ ತಾಳದ ಮಾತನ್ನು ಕಿವಿಯ ಹಿಂದೆ ಬಚ್ಚಿಡಬೇಡಿ. ಅದನ್ನೂ ಹೇಳಲೇಬೇಕು. ಹೋದ ಶೋದ ರೆಕಾರ್ಡಿಂಗ್ ಮೊಬೈಲ್‌ನಲ್ಲಿ ಇದ್ದೇ ಇರುತ್ತದೆ. ಒಂದೇ ಒಂದು ಹಾಡು ಇಬ್ಬರೂ ಕೂತು ಕೇಳಿ. ಅಷ್ಟು ವರ್ಷ ಬಾರಿಸಿದವನಿಗೆ ವಿವರಿಸಬೇಕಾಗಿಲ್ಲ. ಬಹುಶಃ ಅವನಿಗೆ ಈಗಾಗಲೇ ಗೊತ್ತಿದೆ, ಹೇಳಿಕೊಳ್ಳಲು ಯಾರೂ ಸಿಕ್ಕಿಲ್ಲ.

ನನ್ನ ತಂದೆ ನಮ್ಮೂರ ಭಜನೆ ತಂಡದಲ್ಲಿ ತಬಲಾ ನುಡಿಸುತ್ತಿದ್ದರು. ಬೆರಳುಗಳಲ್ಲಿ ಮೊದಲಿನ ಬಿಗಿ ಇರಲಿಲ್ಲ. ಒಂದು ಶನಿವಾರ ಹೋದಾಗ ಅವರ ಜಾಗದಲ್ಲಿ ಬೇರೆಯವರು ಕೂತಿದ್ದರು. ತಬಲಾ ಚೀಲ ಹೆಗಲಿಂದ ಇಳಿಸದೆಯೇ ವಾಪಸ್ ಬಂದು ಅಮ್ಮನಿಗೆ, "ಇವತ್ತು ಬೇಗ ಮುಗೀತು" ಅಂದರು. ನಿಮ್ಮ ಗೆಳೆಯನಿಗೆ ಅಂಥ ಸಂಜೆ ಬರದ ಹಾಗೆ ನೋಡಿಕೊಳ್ಳಿ. ಹುಡುಗ ಬಂದಿದ್ದನ್ನು ನೀವೇ ಹೇಳಿ. ಜಾಮ್ ರೂಮಿನ ಸುದ್ದಿ ಎರಡು ದಿನಕ್ಕೆ ಊರೆಲ್ಲ ಸುತ್ತುತ್ತದೆ.

ಬೀಟಲ್ಸ್ ನುಡಿಸುವ ನಿಮಗೆ ಪೀಟ್ ಬೆಸ್ಟ್ ಗೊತ್ತಿರುತ್ತಾರೆ. ಹ್ಯಾಂಬರ್ಗ್‌ನ ಕ್ಲಬ್‌ಗಳಲ್ಲಿ ರಾತ್ರಿಗಟ್ಟಲೆ ಬೀಟಲ್ಸ್ ಜೊತೆ ಬಾರಿಸಿದ ಡ್ರಮ್ಮರ್. 1962ರ ಆಗಸ್ಟ್‌ನಲ್ಲಿ ಅವರನ್ನು ತೆಗೆದು ರಿಂಗೋ ಸ್ಟಾರ್ ಅವರನ್ನು ತಂದರು. ಹೇಳಿದ್ದು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್. ಉಳಿದ ಮೂವರು ಎದುರಿಗೇ ಬರಲಿಲ್ಲ. ಅದು ನಮ್ಮ ಹೇಡಿತನ ಅಂತ ಆ ಮೂವರಲ್ಲೊಬ್ಬರಾದ ಜಾನ್ ಲೆನನ್ ಆಮೇಲೆ ಒಪ್ಪಿಕೊಂಡರು. ನಿಮ್ಮ ಗೆಳೆಯರಿಬ್ಬರು ಈಗ ನಿಮ್ಮನ್ನು ಎಪ್‌ಸ್ಟೀನ್ ಮಾಡಲು ಹೊರಟಿದ್ದಾರೆ. ಮೊದಲ ಮಾತು ನೀವು ಒಬ್ಬರೇ ಆಡಿ, ಅದು ಸ್ನೇಹದ ಮಾತು. ಬ್ಯಾಂಡಿನ ತೀರ್ಮಾನ ಮಾತ್ರ ನಾಲ್ವರೂ ಕೂತು ಆಗಬೇಕು, ಅವನೂ ಸೇರಿ.

ಮೂರು ತಿಂಗಳು ಟೈಮ್ ಕೊಡಿ. ಹೆಡ್‌ಫೋನ್‌ನಲ್ಲಿ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ತಾಳಯಂತ್ರ) ಹಾಕಿಕೊಂಡು ಹದವಾದ ಸದ್ದಿನಲ್ಲಿ ಅಭ್ಯಾಸ ಮಾಡಲಿ, ನೀವೂ ಜೊತೆಗೆ ಕೂರಿ. ಕಿವಿ ಸರಿ ಇಲ್ಲ ಅಂತ ಬಂದರೆ ವೈದ್ಯರು ಹೇಳಿದ ಹಾಗೆ. ಅಷ್ಟಾದ ಮೇಲೂ ಆಗಲಿಲ್ಲ ಅಂದರೆ ಪಬ್ ಶೋಗೆ ಹುಡುಗ ಬರಲಿ. ಆಗ ಗೆಳೆಯನ ಕೈಗೆ ಸುಮ್ನೆ ಒಂದು ಟ್ಯಾಂಬೊರಿನ್ ಕೊಟ್ಟು ಮೂಲೆಯಲ್ಲಿ ನಿಲ್ಲಿಸಬೇಡಿ. ಅವನ ಮಹಡಿಯನ್ನೂ ಕೇಳಬೇಡಿ. ಹುಡುಗನ ಜೊತೆ ಪ್ರಾಕ್ಟೀಸ್‌ಗೆ ಬೇರೆ ಜಾಗ ಬಾಡಿಗೆಗೆ ಹಿಡಿಯಿರಿ.

ಲೀಡ್ ಗಿಟಾರಿಸ್ಟ್‌ಗೆ ಇವತ್ತೇ ಫೋನ್ ಮಾಡಿ, ಹುಡುಗನನ್ನು ಸದ್ಯಕ್ಕೆ ಕರೆಸಬೇಡ ಅನ್ನಿ. ಭಾನುವಾರ ಬೆಳಗ್ಗೆ, ಗಿಟಾರ್ ತಗೊಂಡು ಹೋಗದೆ, ಗೆಳೆಯನ ಮನೆಗೆ ಹೋಗಿ.