ಕುರ್ಚಿ ಹಿಡಿದು ಮಾಡುವ ಬಾರ್ ವ್ಯಾಯಾಮ

ಪ್ರಶ್ನೆ: ನನಗೆ 46 ವರ್ಷ. ಡೊಂಬಿವಲಿಯ ಚಿಕ್ಕ ಫ್ಲ್ಯಾಟಿನಲ್ಲಿದ್ದೇವೆ. ಕೆಲಸಕ್ಕಾಗಿ ದಿನವೂ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿಬರುತ್ತೇನೆ. ಜಿಮ್‌ಗೆ ಹೋಗಲು ಸಮಯ ಸಾಲದೆಂದು ಮಗಳು ಆನ್‌ಲೈನ್ ಬಾರ್ ವ್ಯಾಯಾಮದ ತರಗತಿಗೆ ಸೇರಿಸಿದ್ದಾಳೆ. ಪಾಶ್ಚಾತ್ಯ ನೃತ್ಯವಾದ ಬ್ಯಾಲೆಯವರು ಅಭ್ಯಾಸಕ್ಕೆ ಹಿಡಿಯುವ ಅಡ್ಡಕಂಬಿಯೇ ಈ ‘ಬಾರ್’ ಅಂತೆ, ಮನೆಯಲ್ಲಿ ಅದರ ಬದಲು ಕುರ್ಚಿ. (‘ಅಮ್ಮ ನಾಳೆಯಿಂದ ಬಾರ್‌ಗೆ’ ಎಂದು ಅವಳು ಹೇಳಿದಾಗ ನಮ್ಮವರು ಪೇಪರಿನಿಂದ ತಲೆಯೆತ್ತಿ ನೋಡಿದ್ದುಂಟು.) ಎರಡು ವಾರದಿಂದ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ದಿನವೂ 45 ನಿಮಿಷ ಮಾಡುತ್ತಿದ್ದೇನೆ. ತೊಡೆಗಳು ಗಡಗಡ ನಡುಗುತ್ತವೆ, ಮಂಡಿ ನೋಯುತ್ತದೆ, ತೂಕ ಮಾತ್ರ ಇಳಿದಿಲ್ಲ. ಮುಂದುವರಿಸಬಹುದೇ?

– ಓದುಗರು, ಡೊಂಬಿವಲಿ

ಉತ್ತರ: ಮುಂದುವರಿಸಬಹುದು, ಆದರೆ ಈಗಿನ ರೀತಿಯಲ್ಲಿ ಬೇಡ. ಮೊದಲು ಆ ಪ್ಲಾಸ್ಟಿಕ್ ಕುರ್ಚಿಯನ್ನು ಬದಿಗಿಡಿ. ಒಂದು ಕಾಲನ್ನು ಹಿಂದಕ್ಕೆ ಎತ್ತಿದಾಗ ಹಗುರವಾದ ಕುರ್ಚಿ ನಿಮ್ಮತ್ತ ವಾಲುತ್ತದೆ, ನುಣುಪಾದ ಟೈಲ್ಸ್ ಮೇಲೆ ಜಾರಲೂಬಹುದು. ಗೋಡೆಗೆ ಒತ್ತಿಟ್ಟ ಭಾರವಾದ ಮರದ ಕುರ್ಚಿಯೋ ಅಡುಗೆಮನೆಯ ಕಟ್ಟೆಯೋ ಸಾಕು. ಅದನ್ನೂ ಬೆರಳುಗಳಿಂದ ಮೆಲ್ಲಗೆ ಮುಟ್ಟಿರಬೇಕೇ ಹೊರತು ಲೋಕಲಿನ ಹಿಡಿಕೆಗೆ ಜೋತುಬಿದ್ದಂತೆ ಜೋತುಬೀಳಬಾರದು, ಏಕೆಂದರೆ ಮೈಯ ಭಾರ ಕೈಗೆ ಹೋದಷ್ಟೂ ಕಾಲಿನ ಸ್ನಾಯುಗಳ ಕೆಲಸ ಕಡಿಮೆಯಾಗುತ್ತದೆ.

ತೊಡೆಯ ನಡುಕಕ್ಕೆ ಹೆದರಬೇಕಾಗಿಲ್ಲ. ಈ ವ್ಯಾಯಾಮದಲ್ಲಿ ಮಂಡಿ ಬಗ್ಗಿಸಿ, ಹಿಮ್ಮಡಿ ಎತ್ತಿ, ಅದೇ ಭಂಗಿಯಲ್ಲಿ ಒಂದು ಅಂಗುಲದಷ್ಟು ಮೇಲೆ ಕೆಳಗೆ ಆಡುತ್ತಿರುವುದರಿಂದ ಸ್ನಾಯುವಿಗೆ ಬಿಡುವೇ ಸಿಗುವುದಿಲ್ಲ. ದಣಿದ ಸ್ನಾಯು ನಡುಗುವುದು ಸಹಜ. ಆದರೆ ಮಂಡಿಯ ನೋವು ಬೇರೆಯ ವಿಷಯ. ಭರತನಾಟ್ಯದ ಅರೆಮಂಡಿಯನ್ನು ಕಂಡವರಿಗೆ, ಬ್ಯಾಲೆಯವರು ಪ್ಲಿಯೆ ಎನ್ನುವ ಭಂಗಿ ತೀರ ಹೊಸದಲ್ಲ. ಅರೆಮಂಡಿಯಲ್ಲಿ ಗುರುಗಳು ತಿದ್ದುವ ತಪ್ಪೇ ಇಲ್ಲಿಯೂ ಆಗುತ್ತದೆ: ಸೊಂಟದ ಕೀಲಿನಿಂದ ತಿರುಗಬೇಕಾದ ಕಾಲನ್ನು ನಾವು ಪಾದವನ್ನಷ್ಟೇ ಹೊರಕ್ಕೆ ತಿರುಗಿಸಿ ತೋರಿಸುತ್ತೇವೆ, ಆಗ ಮಂಡಿ ಒಳಕ್ಕೆ ಕುಸಿದು ತಿರುಚುತ್ತದೆ. ಬಗ್ಗಿದಾಗ ಮಂಡಿಯು ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಬರುವಷ್ಟು ಮಾತ್ರ ಪಾದಗಳನ್ನು ತೆರೆಯಿರಿ, ಇಳಿಯುವುದನ್ನೂ ಅರ್ಧಕ್ಕೆ ನಿಲ್ಲಿಸಿ. ಪರದೆಯಲ್ಲಿರುವ ಶಿಕ್ಷಕಿಗೆ ನೀವು ಕಾಣುವುದಿಲ್ಲ. ಆದ್ದರಿಂದ ಮಗಳು ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಡಲಿ. ಹೀಗೆ ತಿದ್ದಿಕೊಂಡ ಮೇಲೂ ನೋವು ಉಳಿದರೆ, ಇಲ್ಲವೇ ಮಂಡಿ ಊದಿಕೊಂಡರೆ, ವ್ಯಾಯಾಮ ನಿಲ್ಲಿಸಿ ಮೂಳೆತಜ್ಞರಿಗೆ ತೋರಿಸಿ.

ದಿನವೂ ಮಾಡುವುದು ಬೇಡ. ದಿನ ಬಿಟ್ಟು ದಿನ 20 ನಿಮಿಷದಿಂದ ಆರಂಭಿಸಿ. ಡಂಬೆಲ್ಸ್ ಕೊಳ್ಳುವ ಅಗತ್ಯವೂ ಇಲ್ಲ, ನೀರು ತುಂಬಿದ ಒಂದು ಲೀಟರಿನ ಬಾಟಲಿ ಸುಮಾರು ಒಂದು ಕಿಲೋ ತೂಗುತ್ತದೆ.

ಇನ್ನು ತೂಕದ ಮಾತು. ಈ ಪದ್ಧತಿಯನ್ನು ರೂಪಿಸಿದ ಲೊಟ್ಟೆ ಬರ್ಕ್ ಜರ್ಮನಿಯಲ್ಲಿ ಹುಟ್ಟಿದ ನರ್ತಕಿ. ಬೆನ್ನಿಗೆ ಪೆಟ್ಟಾದ ಬಳಿಕ ಬ್ಯಾಲೆಯ ಅಭ್ಯಾಸಗಳೊಂದಿಗೆ ಚಿಕಿತ್ಸೆಯ ವ್ಯಾಯಾಮಗಳನ್ನು ಬೆಸೆದು, 1959ರಲ್ಲಿ ಲಂಡನ್ನಿನಲ್ಲಿ ತರಗತಿ ತೆರೆದರು. ಮೂಲದಲ್ಲೇ ಇದು ಸ್ನಾಯುಗಳ ತಾಳಿಕೆ ಮತ್ತು ಸಮತೋಲನವನ್ನು ಬೆಳೆಸುವ ಕಸರತ್ತು. ಕೊಬ್ಬು ಕರಗಿಸುವುದರಲ್ಲಿ ಇದರ ಪಾಲು ಸಣ್ಣದು. ಜಾಹೀರಾತುಗಳು ‘ಉದ್ದನೆಯ, ತೆಳ್ಳನೆಯ ಸ್ನಾಯು’ಗಳ ಆಸೆ ತೋರಿಸುತ್ತವೆ, ಆದರೆ ಸ್ನಾಯು ಎರಡೂ ತುದಿಯಲ್ಲಿ ಮೂಳೆಗೆ ಅಂಟಿಕೊಂಡಿರುವಾಗ ಕುರ್ಚಿ ಹಿಡಿದು ಕುಣಿದ ಮಾತ್ರಕ್ಕೆ ಕಾಲು ನೀಳವಾಗುವುದೆಲ್ಲಿಂದ ಬಂತು! ವಯಸ್ಕರಿಗೆ ವಾರದಲ್ಲಿ ಕನಿಷ್ಠ 150 ನಿಮಿಷ ಮಧ್ಯಮ ವೇಗದ ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾರ್ ಆ ಎರಡನೆಯದಕ್ಕೆ ನೆರವಾದೀತು. ಮೊದಲನೆಯದಕ್ಕೆ ಸ್ಟೇಷನ್ನಿನಿಂದ ಮನೆಯವರೆಗೆ ರಿಕ್ಷಾ ಬಿಟ್ಟು ಬಿರುಸಾಗಿ ನಡೆಯಿರಿ.

ಪ್ರಶ್ನೆ: ಇಂಥದೇ ವ್ಯಾಯಾಮದ ಆ್ಯಪ್ ಒಂದನ್ನು ‘ಏಳು ದಿನ ಉಚಿತ’ ಎಂದು ಹಾಕಿಕೊಂಡು, ಹಿಡಿಸದೆ ಅಳಿಸಿದೆ. ಆದರೂ ಕಾರ್ಡಿನಿಂದ ಹಣ ಹೋಗಿದೆ. ಇದು ಹೇಗೆ?

– ಓದುಗರು, ಪುಣೆ

ಉತ್ತರ: ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ, ಕಾರ್ಡಿನಿಂದ ಹಣ ತಾನಾಗಿ ಕಡಿತವಾಗಲು ನೀವು ಕೊಟ್ಟ ಒಪ್ಪಿಗೆ ಹಾಗೆಯೇ ಉಳಿದಿರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಸ್ವಯಂಚಾಲಿತ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕು. ಜಾಹೀರಾತುಗಳ ರಾಶಿಯಲ್ಲಿ ಅದು ಕಣ್ತಪ್ಪಿರಬಹುದು, ಎಸ್ಸೆಮ್ಮೆಸ್ ಹಾಗೂ ಇಮೇಲ್ ಎರಡರಲ್ಲೂ ಹುಡುಕಿ. ಚಂದಾ ರದ್ದುಮಾಡುವುದರ ಜೊತೆಗೆ ಬ್ಯಾಂಕಿನಲ್ಲಿಯೂ ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಿ. ಸೂಚನೆ ಬಂದೇ ಇಲ್ಲವೆಂದಾದರೆ ಕಡಿತದ ದಿನಾಂಕ ನಮೂದಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ.