ಮೈಕ್ರೋಆರ್‌ಎನ್‌ಎ ರಕ್ತ ಪರೀಕ್ಷೆ ಮಾಡಿಸಿದರೆ ಸಾಕಾ?

ಪ್ರಶ್ನೆ: ನನಗೆ 31 ವರ್ಷ. ಅಮ್ಮನಿಗೆ 42ಕ್ಕೇ ಸ್ತನ ಕ್ಯಾನ್ಸರ್ ಬಂದಿತ್ತು. ನನ್ನ ವಯಸ್ಸಿನವರಿಗೆ ಮ್ಯಾಮೊಗ್ರಾಮ್‌ನಲ್ಲಿ ಸರಿಯಾಗಿ ಕಾಣಿಸುವುದಿಲ್ಲ ಅಂತಾರೆ. ಅದರ ಬದಲು ಮೈಕ್ರೋಆರ್‌ಎನ್‌ಎ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಸಾಕಾ?

ಉತ್ತರ: ಸಾಲದು. ಸದ್ಯಕ್ಕೆ ಅದನ್ನು ನಂಬಿ ಕೂರಬೇಡಿ.

ಮ್ಯಾಮೊಗ್ರಾಮ್ ಬಗ್ಗೆ ನೀವು ಕೇಳಿದ್ದು ನಿಜ. ಚಿಕ್ಕ ವಯಸ್ಸಿನಲ್ಲಿ ಸ್ತನದಲ್ಲಿ ಕೊಬ್ಬಿಗಿಂತ ಗ್ರಂಥಿಯ ಭಾಗ ಸಾಮಾನ್ಯವಾಗಿ ಜಾಸ್ತಿ. ಚಿತ್ರದಲ್ಲಿ ಅದೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಬಿಳಿಯಲ್ಲಿ ಬಿಳಿ ಹುಡುಕುವುದು ಕಷ್ಟ ಅಲ್ವಾ? ಅದಕ್ಕೇ ರಕ್ತದಲ್ಲಿ ಸುಳಿವು ಸಿಕ್ಕೀತೇ ಎಂದು ಇಷ್ಟೊಂದು ಹುಡುಕಾಟ.

ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರ ಉದ್ದದ ಪುಟ್ಟ ಆರ್‌ಎನ್‌ಎ ತುಣುಕು. ಯಾವ ಜೀನ್‌ನಿಂದ ಎಷ್ಟು ಪ್ರೋಟೀನ್ ತಯಾರಾಗಬೇಕು ಎಂಬುದಕ್ಕೆ ಅದು ಕಡಿವಾಣ ಹಾಕುತ್ತದೆ. 1993ರಲ್ಲಿ ಒಂದು ಸಣ್ಣ ಹುಳದಲ್ಲಿ ಮೊದಲು ಸಿಕ್ಕಿದ್ದು. ಅದನ್ನು ಪತ್ತೆ ಮಾಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಪ್ರೋಟೀನಿಗೆ ಅಂಟಿಕೊಂಡೋ ಪುಟ್ಟ ಚೀಲದೊಳಗೆ ಕೂತೋ ರಕ್ತದಲ್ಲಿ ಓಡಾಡುವುದರಿಂದ ಬೇಗ ಕೆಡುವುದಿಲ್ಲ.

ಹಾಗಾದರೆ ತೊಡಕೇನು? ಮಿರ್-21 ಎಂಬ ಮೈಕ್ರೋಆರ್‌ಎನ್‌ಎಯನ್ನೇ ನೋಡಿ. ಸ್ತನ ಕ್ಯಾನ್ಸರ್ ಗಡ್ಡೆಯಲ್ಲಿ ಅದು ಹೆಚ್ಚಿರುತ್ತದೆ. ಆದರೆ ಬೇರೆ ಹಲವು ಕ್ಯಾನ್ಸರ್‌ಗಳಲ್ಲೂ ಹೆಚ್ಚುತ್ತದೆ, ಸುಮ್ನೆ ಉರಿಯೂತ ಇದ್ದರೂ ಹೆಚ್ಚಬಹುದು. ಇನ್ನೊಂದು ತೊಡಕು ಟ್ಯೂಬಿನಲ್ಲೇ ಇದೆ. ರಕ್ತ ತೆಗೆಯುವಾಗ ಸ್ವಲ್ಪ ಕೆಂಪು ಕಣ ಒಡೆದರೂ ಸಾಕು, ತಿಳಿ ಹಳದಿ ಇರಬೇಕಾದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಕಣಗಳೊಳಗಿನ ಮಿರ್-16, ಮಿರ್-451 ಹೊರಗೆ ಚೆಲ್ಲಿ ಲೆಕ್ಕ ಕೆಡಿಸುತ್ತವೆ. ಎಷ್ಟೋ ಅಧ್ಯಯನಗಳು ಮಿರ್-16 ಅನ್ನೇ ಅಳತೆಗೋಲು ಮಾಡಿಕೊಂಡಿದ್ದವು. ಅಳತೆಗೋಲೇ ಉದ್ದ ಗಿಡ್ಡ ಆದರೆ ಏನು ಅಳೆಯೋದು? ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಹೊಂದದಿರುವುದಕ್ಕೆ ಇಂಥ ಕಾರಣಗಳೂ ಇವೆ. ನನಗೆ ಹೆಚ್ಚು ಭಯ ತಪ್ಪು ಸಮಾಧಾನದ್ದು. ರಕ್ತದಲ್ಲಿ ಏನೂ ಇಲ್ಲ ಎಂದು ಗಡ್ಡೆಯನ್ನು ಕಡೆಗಣಿಸಿದರೆ ಅಮೂಲ್ಯ ತಿಂಗಳುಗಳು ಕೈತಪ್ಪುತ್ತವೆ.

ನಿಮಗೆ ಈಗ ಬೇಕಾದದ್ದು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಬರುವ ಕಾಯಿಲೆಯ ಅಪಾಯದ ಬಗ್ಗೆ ತಜ್ಞರ ಸಲಹೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚು; ಸಾಧ್ಯವಿದ್ದರೆ ಅವುಗಳ ಪರೀಕ್ಷೆ ಮೊದಲು ಅಮ್ಮನಿಗೇ ಆಗಲಿ. ಅವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರಾಯಿತು. ನಿಮಗೂ ಇದೆ ಎಂದಾದರೆ ಈ ವಯಸ್ಸಿನಲ್ಲಿ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಗಡ್ಡೆ ಕೈಗೆ ಸಿಕ್ಕರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ಒಂದು ದಿನವೂ ಕಾಯದೆ ವೈದ್ಯರ ಹತ್ತಿರ ಹೋಗಿ. ಅಲ್ಟ್ರಾಸೌಂಡ್ ನೋಡಿ, ಅಗತ್ಯವಿದ್ದರೆ ಬಯಾಪ್ಸಿ ಮಾಡುತ್ತಾರೆ.

ಅಮ್ಮನ ಹಳೆಯ ಬಯಾಪ್ಸಿ ರಿಪೋರ್ಟ್ ಇದ್ದರೆ ಕೌನ್ಸೆಲಿಂಗ್‌ಗೆ ತೆಗೆದುಕೊಂಡು ಹೋಗಿ. ಅದರಲ್ಲಿ ಟ್ರಿಪಲ್ ನೆಗೆಟಿವ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್2 ಎಂಬ ಮೂರು ಪರೀಕ್ಷೆಯೂ ನೆಗೆಟಿವ್ ಬಂದ ಗಡ್ಡೆ) ಅಂತ ಬರೆದಿದ್ದರೆ ಮರೆಯದೆ ತೋರಿಸಿ, ಬಿಆರ್‌ಸಿಎ ಅನುಮಾನ ಆಗ ಇನ್ನೂ ಜಾಸ್ತಿ.